ಹೊರಗ ಗಡಿಗಿ ಇಟ್ಟ ನಿಂಬಣ್ಣ

ಗದ್ದಲ ಮಾಡಬ್ಯಾಡ್ರಿ, ಹೇಳತೀನಿ. ಭಾಳ ಭಾಳ ಹಿಂದಕ, ಹೊಳಿಸಾಲಿನ ಒಂದ ಊರಾಗ, ನಿಂಬಣ್ಣ ಅಂತ ಒಬ್ಬ ಕುಂಬಾರ ಇದ್ದ. ಆತ ತಟ್ಟಿದ ಗಡಿಗಿ ಮಾಳಗಿ ಮ್ಯಾಲಿಂದ ಬಿದ್ರೂ ಒಡೀತಿದ್ದಿಲ್ಲಂತ. ಸುಳ್ಳಿರಬೇಕು ಬಿಡ್ರಿ, ಆದ್ರೂ ಹಂಗಂತಾರ.

ಊರ ನಡುವ ಮಡಿವಾಳಜ್ಜನ ಗದ್ದಿಗಿ, ಅದರ ಎದುರಿಗೇ ಸೆರೆ ಅಂಗಡಿ. ಕುಡುಕರ ಕಾಟಕ್ಕ ಹೆಣ್ಣಮಕ್ಕಳು ಗದ್ದಿಗಿ ದೀಪಕ್ಕ ಎಣ್ಣಿ ಹಾಕಾಕ ಬರೂದ ಬಿಟ್ಟಿದ್ರು. ಅಜ್ಜನ ಮುಂದ ದೀಪಿಲ್ಲ ಅಂತ ನಿಂಬಣ್ಣಗ ಉಂಡ ಅನ್ನ ಮೈಗೆ ಹತ್ತತಿದ್ದಿಲ್ಲಂತ. ಆ ಅಂಗಡಿ ಅಲ್ಲಿಂದ ಎತ್ತಸಬೇಕು ಅಂತ ಹಟ ಹಿಡದ.

ಗೌಡಕಿ ಅಪ್ಪನಿಂದ ಮಗಗ ಬರೂದು, ಅದನ್ನ ಅಲುಗಸಾಕ ಆಗೂದಿಲ್ಲ. ಆದ್ರ ಎರಡನೇ ಕುರ್ಚಿ, ಈಗ ಉಪಾಧ್ಯಕ್ಷ ಅಂತೀವಲ್ಲ, ಅದಕ್ಕ ಊರ ಮಂದಿನ ಆರಸ್ತಿದ್ರು. ಯಾವ ಅಂಗಡಿ ಎಲ್ಲಿರಬೇಕು ಅಂತ ಹೇಳಾವ ಅವನ. ನಿಂಬಣ್ಣ ಆ ಕುರ್ಚಿಗೆ ನಿಂತ.

ಒಂದ ಒಲಿಗೆ, ಅಂದ್ರ ಒಂದ ಮನಿಗೆ, ಒಂದ ಜ್ವಾಳದ ಕಾಳು, ಅದ ಮತ. ಚಾವಡಿ ಒಳಗ ಪರದೆ ಹಿಂದ, ಕುರ್ಚಿಗೆ ನಿಂತ ಒಬ್ಬೊಬ್ಬರದೂ ಒಂದೊಂದ ಗಡಿಗಿ ಇಡ್ತಿದ್ರು. ಅವನ್ನ ಮಾಡಿಕೊಡಾವ ನಿಂಬಣ್ಣನ! ಆದ್ರ ಅವನ ಗಡಿಗಿಗೇ ಜಾಗ ಸಿಗಲಿಲ್ಲ. ಹೆಸರು ತಡಾ ಮಾಡಿ ಹೇಳಿದಿ ಅಂತ, ಸೆರೆ ಅಂಗಡಿ ಕಡೆ ಇದ್ದ ಗೌಡ ನೆವ ತಗದ. ಬೇಕಾದ್ರ ಹೊರಗ ಬೇವಿನ ಗಿಡದ ಬುಡಕ ಇಟ್ಕೊ, ಬಿದ್ದ ಕಾಳು ಎಣಸ್ತೀವಿ ಅಂತ ನಕ್ಕನಂತ. ಹೊರಗ ಹಾಕಿದ್ರ ಯಾರು ಹಾಕಿದ್ರು ಅಂತ ಗೌಡಗ ಕಾಣ್ತೈತಿ. ಯಾವ ಗಂಡಸಿಗೆ ಧೈರ್ಯ ಬರ್ತೈತಿ ಹೇಳ್ರಿ?

ಆದ್ರೂ ನಿಂಬಣ್ಣ ಗಡಿಗಿ ಇಟ್ಟ. ಇಟ್ಟು ಅದರ ಮಗ್ಗಲಕ ಕೂತ.

ಸೆರೆ ಅಂಗಡಿ ಯಮನಪ್ಪ ಸುಮ್ಮನಿರಲಿಲ್ಲ. ಕುರ್ಚಿಗೆ ನಿಂತ ತನ್ನ ಕಡೆಯವನ್ನ ಗೆಲ್ಲಸಾಕ ಅಂತ ಮುಂಜಾನಿಂದ ಪುಕ್ಕಟ ಕುಡಿಸಿದ. ಬುದ್ಧಿಗೇಡಿ! ಮತ ಹಾಕಬೇಕಾದಾವ್ರು ಅರ್ಧಕ್ಕರ್ಧ ಅಲ್ಲೇ ಅಡ್ಡಬಿದ್ರು. ಒಲಿಗೊಂದ ಕಾಳು ಅಂದಮ್ಯಾಲ, ಗಂಡ ಬರದಿದ್ರ ಹೆಂಡತಿ ತರಬಹುದಲ್ಲ?

ಮೊದಲ ಬಂದಾಕಿ ನೇಕಾರ ದ್ಯಾವಕ್ಕ. ನಿನ್ನ ಗಂಡ ಎಲ್ಲಿ ಅಂತ ಗೌಡ ಗದರಿಸಿದ.

"ಬಿದ್ದಾನ್ರಿ ಗೌಡ್ರ. ಕುಡಿಸಿದಾವ್ರ ಹೋಗಿ ಎಬ್ಬಸಲಿ," ಅಂದಾಕಿನ ಬೇವಿನ ಗಿಡದ ಕಡೆ ನಡದು ಕಾಳು ಹಾಕಿದ್ಲು. ಆಕಿ ಹಿಂದ ಒಬ್ಬಾಕಿ, ಆಕಿ ಹಿಂದ ಮತ್ತೊಬ್ಬಾಕಿ. ನಲವತ್ತು ಮಂದಿ ಅಂತಾರ.

ಎಣಿಸಿದ್ರು. ಹನ್ನೊಂದು ಕಾಳಿಗೆ ನಿಂಬಣ್ಣ ಸೋತ. ಹೌದವ್ವ, ಸೋತ! ಗೆದ್ದ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ.

ಆದ್ರ ಆ ಹೆಣ್ಣಮಕ್ಕಳು ಮನಿಗೆ ಹೋಗಲಿಲ್ಲ. ಗೌಡ ಹೆಂಗೂ ಮಾರಿ ನೋಡ್ಯಾನ, ಇನ್ನ ಯಾರ ಅಂಜಿಕಿ? ಸೀದಾ ಗದ್ದಿಗಿಗೆ ಹೋಗಿ ದೀಪ ಹಚ್ಚಿ, ಅಂಗಡಿಗೆ ಮಾರಿ ಮಾಡಿ ಭಜನಿಗೆ ಕೂತರು. ಮರುದಿನನೂ ಕೂತರು. ಅದರ ಮರುದಿನನೂ. ತಾಯಿ ಹೆಂಡತಿ ಎದುರಿಗೆ ಕೂತು ನೋಡಾಕತ್ತಿದ್ರ ಯಾವನ ಗಂಟಲಾಗ ಇಳೀತೈತಿ? ತಿಂಗಳೊಪ್ಪತ್ತಿನಾಗ ಯಮನಪ್ಪ ಅಂಗಡಿ ಕಿತ್ಕೊಂಡು ಹೊಳಿ ದಾಟಿದನಂತ. ನಿಂಬಣ್ಣ ಮತ್ತೆಂದೂ ಕುರ್ಚಿ ಕೇಳಲಿಲ್ಲ. ಅಜ್ಜನ ದೀಪ ಹತ್ತಿತು, ಇನ್ನೇನು ಬೇಕು ಅಂದನಂತ.

ಈಗ ಸರಕಾರದ ಚುನಾವಣಿ ಬಂದೈತಿ. ಒಳಗ ಗುಟ್ಟಿಲೆ ಯಾರಿಗೆ ಹಾಕ್ತಾರೋ ದೇವರಿಗೇ ಗೊತ್ತು. ಆದ್ರ ಆ ಊರ ಹೆಣ್ಣಮಕ್ಕಳು ಮೊದಲ ಬೇವಿನ ಗಿಡದ ಕೆಳಗ ಒಂದ ಗಡಿಗಿ ಇಟ್ಟು, ಎಲ್ಲಾರ ಮುಂದ, ನಿಂಬಣ್ಣನ ಹೆಸರಿಲೆ ಒಂದೊಂದ ಕಾಳು ಹಾಕಿನ ಒಳಗ ಹೋಗ್ತಾರ. ಚುನಾವಣಿಗೆ ನಿಂತ ದೊಡ್ಡ ಮನಷ್ಯಾರು ಆ ಕಾಳು ಬೀಳೂ ಸಪ್ಪಳ ಕೇಳ್ತಾ ನಿಂತಿರ್ತಾರ.