ಹಸಿರನ್ನು ಹಿಂದಕ್ಕೆ ಕಳಿಸುವ ಗಾಜಿನ ಎಳೆ

"ಕೇಳಿರಪ್ಪೋ ಕೇಳಿ! ಗಾಜಿನ ಎಳೆಯ ಮೇಲೆ ರಾಜಕುಮಾರಿ ಮಾಚಲದೇವಿ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನಿಗೆ ಅವಳೊಡನೆ ಮದುವೆ, ಅರ್ಧ ರಾಜ್ಯ. ತಪ್ಪಿದವನಿಗೆ ಶೂಲ!"

ಡಂಗುರ ಕೇಳಿದ್ದೇ ತಡ, ಬಳೆಗಾರ ಮಾಳಿಂಗ ಕುಲುಮೆಯ ಮುಂದಿನಿಂದ ಎದ್ದ. ತಾಯಿ ಅಡ್ಡ ನಿಂತಳು. "ಬೇಡವೋ ಮಗನೇ, ತಲೆ ಹೋದೀತು!"

"ಗಾಜಿನ ಸಂಗತಿ ಅವ್ವಾ. ನನಗಲ್ಲದೆ ಇನ್ಯಾರಿಗೆ ತಿಳಿದೀತು?"

ಗುಡ್ಡದ ಕೋಟೆಯಿಂದ ಅರಮನೆಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಹಾಯ್ದಿತ್ತು. ಅದರೊಳಗೆ ಬಣ್ಣದ ಬೆಳಕು ಬಿಟ್ಟು ಸುದ್ದಿ ಕಳಿಸುತ್ತಿದ್ದರು. ಅದನ್ನು ಮಾಡಿದ ಮುದಿ ಗುರುವಿನಿಂದ ವಿದ್ಯೆ ಕಲಿತವಳು ಮಾಚಲದೇವಿ ಒಬ್ಬಳೇ.

ಮಾಳಿಂಗ ಹೋದಾಗ ಅರಮನೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಮಾಚಲದೇವಿ ಮೊದಲನೆಯ ಒಗಟು ಕೇಳಿದಳು: "ಬಣ್ಣದ ಅಕ್ಕತಂಗಿಯರು ಏಳು ಮಂದಿ ಎಳೆಯೊಳಗೆ ಓಡುತ್ತಾರೆ. ಬಾಗಿಲಿಲ್ಲ, ಗೋಡೆಯಿಲ್ಲ. ಆದರೂ ಹಸಿರಮ್ಮ ಒಬ್ಬಳೇ ಹಿಂದಿರುಗುತ್ತಾಳೆ. ತಡೆದವರ್ಯಾರು?"

"ಕನ್ನಡಿ!" ಎಂದ ನೆರೆರಾಜ್ಯದ ರಾಜಕುಮಾರ.

"ಕನ್ನಡಿಯಾದರೆ ಏಳು ಮಂದಿಯನ್ನೂ ತಿರುಗಿಸುತ್ತಿತ್ತು."

"ಹಸಿರು ಗಾಜು!" ಎಂದ ದಳಪತಿಯ ಮಗ.

"ಅದು ಹಸಿರನ್ನೇ ಮುಂದೆ ಬಿಟ್ಟು ಮಿಕ್ಕವರನ್ನು ನುಂಗುತ್ತಿತ್ತು."

ಭಟರು ಇಬ್ಬರ ಕೈಯನ್ನೂ ಬಿಗಿದರು. ಆದರೂ ಮಾಳಿಂಗ ಮುಂದೆ ಬಂದ.

"ಗೀರುಗಳು, ದೊರೆಸಾನಿ. ಬಳೆಯ ಮೇಲೆ ಒತ್ತೊತ್ತಾಗಿ ಗೀರೆಳೆದರೆ ಬಣ್ಣ ಮಿಂಚುತ್ತದೆ. ಈ ಎಳೆಯೊಳಗೂ ಸಮ ಅಂತರದ ಸಾವಿರಾರು ಗೀರುಗಳಿರಬೇಕು. ಒಂದೊಂದೂ ಬೆಳಕನ್ನು ಚೂರುಚೂರೇ ತಿರುಗಿಸುತ್ತದೆ. ಆ ಅಂತರಕ್ಕೆ ಹೊಂದುವ ಹಸಿರು ಮಾತ್ರ ಒಟ್ಟುಗೂಡಿ ವಾಪಸು ಬರುತ್ತದೆ."

ಜನ ಹೋ ಎಂದರು. ಮಾಚಲದೇವಿ ನೆಟ್ಟಗೆ ಕೂತಳು. "ನೂರು ಮಂದಿ ಹೊರಟರು. ತೊಂಬತ್ತು ಮಂದಿಯೇ ಊರು ಮುಟ್ಟಿದರು. ದಾರಿ ಮುರಿದಿಲ್ಲ, ಕಳ್ಳರಿಲ್ಲ, ಹಿಂದಿರುಗಿದವರೂ ಇಲ್ಲ. ಹತ್ತು ಮಂದಿ ಎಲ್ಲಿ?"

"ಎಳೆಯ ತೊಗಟೆಯಲ್ಲಿ, ಅಂದರೆ ಅದರ ಹೊರಪದರದಲ್ಲಿ! ಗೀರು ತಾಗಿ ಒಂದಷ್ಟು ಬೆಳಕು ಓರೆಯಾಗುತ್ತದೆ. ನಡುದಾರಿ ಬಿಟ್ಟು ತೊಗಟೆಗೆ ನುಗ್ಗಿ ಸೋರಿಹೋಗುತ್ತದೆ."

"ಸರಿ! ಮೂರನೆಯದು. ಬೆಳಿಗ್ಗೆ ಹಸಿರಮ್ಮನನ್ನು ತಡೆದ ಕಾವಲುಗಾರ ಈಗ ಅವಳನ್ನು ಬಿಟ್ಟು ಹಳದಿಯಮ್ಮನನ್ನು ತಡೆದಿದ್ದಾನೆ. ಗೋಡೆ ನೋಡು. ಯಾರ ಲಂಚ ತಿಂದ?"

ಎಳೆಯ ತುದಿಯಿಂದ ತಿರುಗಿ ಬಂದ ಬೆಳಕು ಅಂಗಳದ ಗೋಡೆಯ ಮೇಲೆ ಹಳದಿಯಾಗಿ ಬಿದ್ದಿತ್ತು. ಶೂಲಕ್ಕೇರಿಸುವ ಆಳು ಕೈ ಕಟ್ಟಲು ಹಗ್ಗ ಹಿಡಿದು ಹತ್ತಿರ ಬಂದ. ಎಳೆ ಎಲ್ಲಿ ಹಾಯ್ದಿದೆ ಎಂದು ಮಾಳಿಂಗ ಕಣ್ಣಾಡಿಸಿದ. ಮಟಮಟ ಮಧ್ಯಾಹ್ನದ ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ!

"ಲಂಚವಲ್ಲ ದೊರೆಸಾನಿ, ಬಿಸಿಲು!"

ಹೆಗಲ ವಸ್ತ್ರವನ್ನು ಪಕ್ಕದಲ್ಲಿದ್ದ ಕೊಡದ ನೀರಿಗೆ ಅದ್ದಿ ಎಳೆಯ ಮೇಲೆ ಹೊದಿಸಿದ. ಗೋಡೆಯ ಹಳದಿ ಮಾಸಿತು, ಮಾಸಿತು, ಫಳ್ಳೆಂದು ಹಸಿರಾಯಿತು!

"ಕಾದಾಗ ಗಾಜು ಹಿಗ್ಗಿತು, ಬೆಳಕನ್ನು ಬಾಗಿಸುವ ಅದರ ಗುಣವೂ ತುಸು ಬದಲಾಯಿತು. ಗೀರುಗಳ ಅಂತರ ಹೆಚ್ಚಿ ಹಳದಿಗೆ ಹೊಂದಿತು" ಎಂದ ಮಾಳಿಂಗ.

ಅರಸ ಸಿಂಹಾಸನದಿಂದ ಎದ್ದೇಬಿಟ್ಟ. "ಗೆದ್ದೆಯಪ್ಪಾ! ಇನ್ನೇನು ಬೇಕು ಕೇಳು."

"ಮೊದಲು ಆ ಇಬ್ಬರ ಕಟ್ಟು ಬಿಚ್ಚಿಸಿ, ಮಹಾಸ್ವಾಮಿ."

ಬಿಚ್ಚಿಸಿದರು. ಮಾಳಿಂಗ ರಾಜಕುಮಾರಿಯತ್ತ ತಿರುಗಿದ. "ನನ್ನದೂ ಒಂದು ಒಗಟು. ಕುಲುಮೆಯಲ್ಲಿ ಬೆರಳು ಸುಟ್ಟುಕೊಂಡ ಬಳೆಗಾರನನ್ನು ಮನಸಾರೆ ಒಪ್ಪುವವರ್ಯಾರು?"

ಮಾಚಲದೇವಿ ಮೆಟ್ಟಿಲಿಳಿದು ಬಂದಳು. "ಇದೂ ಒಂದು ಒಗಟೇ? ನಾನೇ!"

ಎಂಟೇ ದಿನದಲ್ಲಿ ಮದುವೆಯಾಯಿತು, ಅರ್ಧ ರಾಜ್ಯ ಅವನದಾಯಿತು. ಅವರ ಅರಮನೆಯ ಬೆಳಕು ಅವರಿಗಿರಲಿ, ನಮ್ಮ ಗೂಡಿನ ದೀಪ ನಮಗಿರಲಿ.