ಓಬಳಜ್ಜನ ಹಳದಿ ಹಲ್ಲು, ಫಳಫಳರಾಯನ ಬಿಳಿ ಹುಕುಂ

ಒಂದಾನೊಂದು ಊರಿನಲ್ಲಿ, ಎರಡಾನೆರಡು ಊರಿನಲ್ಲಿ ಅಲ್ಲ, ಸರಿಯಾಗಿ ಕೇಳಿಸ್ಕೊಳ್ಳಿ, ಒಂದೇ ಊರಿನಲ್ಲಿ, ಓಬಳಜ್ಜ ಅಂತ ಒಬ್ಬ ಮುದುಕ ಇದ್ದ. ಊರಿನ ಹೆಸರು ದವಡೆಪುರ. ಅಜ್ಜನ ವಯಸ್ಸು ಎಪ್ಪತ್ತು, ಹಲ್ಲು ಮೂವತ್ತೆರಡು. ಮೂವತ್ತೆರಡೂ ಸ್ವಂತದ್ದು. ಮೂವತ್ತೆರಡೂ ಹಳದಿ. ಸುಮ್ಮನೆ ಹಳದಿಯಲ್ಲ. ಮುಂದಿನವು ಜೋನಿಬೆಲ್ಲದ ಹಳದಿ, ಪಕ್ಕದವು ಹಳೇ ಪಂಚಾಂಗದ ಹಳದಿ, ದವಡೆಯವು ಮಾಗಿದ ಹಲಸಿನ ಹಳದಿ. ಅಜ್ಜ ಬೀದಿಯಲ್ಲಿ ನಕ್ಕರೆ ಜೇನುಹುಳಗಳು ಬಂದು ವಿಚಾರಿಸಿಕೊಂಡು ಹೋಗುತ್ತಿದ್ದವು.

"ಇಂಥಾ ಬಣ್ಣ ಈ ಸೀಮೆನಾಗೇ ಇಲ್ಲ ಕಣ್ರಲಾ," ಅಂತ ಅಜ್ಜ ಎದೆ ಉಬ್ಬಿಸುತ್ತಿದ್ದ. ಇರಲಿಲ್ಲ. ಅದಂತೂ ನಿಜ.

ದವಡೆಪುರದವರ ಸ್ವಂತ ಹಲ್ಲೂ ಬಿಚ್ಚಿ ಹಾಕಿಕೊಳ್ಳುವಂಥದ್ದು. ಅಲ್ಲಿ ಮಾತು ಇರುವುದು ನಾಲಿಗೆಯಲ್ಲಲ್ಲ, ಹಲ್ಲಿನಲ್ಲಿ. ಹಲ್ಲು ಯಾರದ್ದೋ ಮಾತು ಅವರದ್ದು. ಇನ್ನೊಂದು ಪದ್ಧತಿಯೂ ಉಂಟು. ಹಿರಿಯರ ಮುಂದೆ ಹಲ್ಲು ತೋರಿಸಬಾರದು. ಅದಕ್ಕೇ ಯಾರ ಮನೆಗೆ ಹೋದರೂ ಹಲ್ಲಿನ ಸೆಟ್ಟು ಬಿಚ್ಚಿ ಬಾಗಿಲ ಹೊರಗೆ ಬಿಡಬೇಕು, ನೀವು ಚಪ್ಪಲಿ ಬಿಡ್ತೀರಲ್ಲ, ಹಾಗೆ. ವಾಪಸ್ ಬರುವಾಗ ಬಣ್ಣ ನೋಡಿ ಅವರವರದ್ದು ಅವರವರು ಹಾಕಿಕೊಳ್ಳಬೇಕು. ಹೀಗಾಗಿ ಆ ಊರಿನ ಜಗಳವೆಲ್ಲ ಬೀದಿಯಲ್ಲೇ. ಮನೆಯೊಳಗೆ ಒಂದೂ ಇಲ್ಲ.

ಊರಿನ ರಾಜ ಫಳಫಳರಾಯ. ಅವನಿಗೆ ಬಿಳಿ ಅಂದರೆ ಪ್ರಾಣ. ಬಿಳಿ ಕುದುರೆ, ಬಿಳಿ ಬದನೆಕಾಯಿ. ಕಾಗೆಗೂ ಸುಣ್ಣ ಹೊಡೆಸಿದ್ದ. ಹೊಡೆಯಲು ಇನ್ನೇನೂ ಉಳಿಯದಾಗ ಡಂಗುರ ಸಾರಿಸಿದ.

"ಕೇಳ್ರಪ್ಪೋ! ಶುಕ್ರವಾರದೊಳಗೆ ಊರಿನ ಹಲ್ಲೆಲ್ಲ ಬಿಳಿ ಆಗಬೇಕು! ಹಳದಿ ಹಲ್ಲು ಕಂಡರೆ ಸಗಣಿ ಉಂಡೆಯಲ್ಲಿಟ್ಟು ಅರಮನೆ ಸೂರಿನ ಮೇಲೆ ಎಸೆಯಲಾಗುತ್ತದೆ!"

ಮಕ್ಕಳ ಹಾಲುಹಲ್ಲು ಬಿದ್ದರೆ ಎಸೀತಾರಲ್ಲ, ಹಾಗೆ.

ಮಾರನೇ ದಿನವೇ ಪೀರಣ್ಣ ಬಂದು ಅರಳಿಕಟ್ಟೆಯಲ್ಲಿ ತಿದಿ ಹೂಡಿದ. ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಪಳಗಿದ ಕೈ. "ಹಲ್ಲಿಗೆ ಕಲಾಯೀ! ಹಲ್ಲಿಗೆ ಕಲಾಯೀ!" ಊರಿಗೆ ಊರೇ ಸಾಲು ನಿಂತಿತು. ಕೂಲಿ ಏನು? ಒಂದು ಸೆಟ್ಟಿಗೆ ಎರಡು ಆಕಳಿಕೆ. ಪೀರಣ್ಣನಿಗೆ ವರ್ಷಗಳಿಂದ ನಿದ್ದೆ ಬರುತ್ತಿರಲಿಲ್ಲ, ಪಾಪ.

ಅಜ್ಜನ ಹೆಂಡತಿ ಮಾರಕ್ಕಜ್ಜಿ ಮೊದಲ ದಿನವೇ ಹಾಕಿಸಿಕೊಂಡು ಬಂದಳು.

"ಹೆಂಗೈತೆ ನೋಡಿ."

"ಬಾಯಿ ಮುಚ್ಚೇ, ಕಣ್ಣು ಕುಕ್ತೈತೆ."

"ನೀವೂ ಹಾಕಿಸ್ಕಳಿ. ಹಲ್ಲು ಸೂರು ಸೇರಿದ್ರೆ ಏನ್ ಮಾಡ್ತೀರಿ?"

"ಮುದ್ದೆ ನುಂಗ್ತೀನಿ. ಮುದ್ದೆಗೆ ಹಲ್ಲು ಯಾಕೆ?"

"ಮುದ್ದೆಗೆ ಬ್ಯಾಡ. ಮಾತಿಗೆ? ಸಾಯೋ ತನಕ ಒಂದ್ ಮಾತೂ ಆಡಂಗಿಲ್ಲ. ನಿಮ್ಮ ಜಂಬ ಯಾರು ಹೇಳ್ತಾರೆ? ನಾನಂತೂ ಹೇಳಾಕಿಲ್ಲ."

ಅಜ್ಜ ಬೆಚ್ಚಿಬಿದ್ದ. ಮಾತು ಹೋದರೂ ಹೋಗಲಿ ಅನ್ನಬಹುದು, ಜಂಬ ಹೋದರೆ? ಆ ರಾತ್ರಿ ಅವನ ಬಾಯಲ್ಲೇ ಪಂಚಾಯಿತಿ ಸೇರಿತು.

"ಬಿಳಿ ಆಗಾಣ," ಅಂದವು ಮುಂದಿನ ಹಲ್ಲುಗಳು. "ನಾಲ್ಕು ಜನ ನೋಡೋದು ನಮ್ಮನ್ನೇ."

"ನಮ್ಮನ್ನ ಯಾವನು ನೋಡ್ತಾನೆ?" ಅಂದವು ದವಡೆ ಹಲ್ಲುಗಳು. "ಅಗಿಯೋರು ನಾವು, ಮೆರೆಯೋರು ನೀವು. ಬ್ಯಾಡ ಅಂದ್ರೆ ಬ್ಯಾಡ."

ಕೊನೆಯ ದವಡೆ ಹಲ್ಲು ಎಂದಿನಂತೆ ತಡವಾಗಿ ಬಂದು, "ಏನ್ ವಿಷಯ?" ಅಂತ ಕೇಳಿತು. ಎಣಿಸಿದರೆ ಆ ಕಡೆ ಹದಿನಾರು, ಈ ಕಡೆ ಹದಿನಾರು. ನಾಲಿಗೆಯನ್ನು ಕೇಳಿದವು. ನಾಲಿಗೆ ಅಂದಿತು, "ನಾನು ನಿಮ್ಮ ಮಧ್ಯೆ ಬದುಕೋನಪ್ಪ. ನನ್ನನ್ನ ಕೇಳ್ಬ್ಯಾಡಿ."

ಕಡೆಗೆ ತೀರ್ಮಾನ ಅಜ್ಜನ ತಲೆಗೇ ಬಂತು. ಅಜ್ಜ ಕನ್ನಡಿ ತಗೊಂಡ. ಹಿಂಗೆ ನೋಡಿದ, ಹಂಗೆ ನೋಡಿದ. ಒಂದು ಸಲ ನಕ್ಕ. ಕನ್ನಡಿಯೇ ವಾಪಸ್ ನಕ್ಕಿತು. "ಈ ಚಿನ್ನಕ್ಕೆ ತವರ ಬಳೀಬೇಕಾ? ಥೂ!" ಅಂದ. ಮುಗೀತು ಪಂಚಾಯಿತಿ.

ಶುಕ್ರವಾರ ಬಂತು. ಊರೆಲ್ಲ ಅರಮನೆಗೆ ಹೋಯಿತು. ಎಲ್ಲರೂ ಮೆಟ್ಟಿಲ ಮೇಲೆ ಹಲ್ಲು ಬಿಟ್ಟು ಒಳಗೆ ಹೋದರು. ಸಭೆಯಲ್ಲಿ ರಾಜಮಾತೆ ಕೂತಿದ್ದಳು. ಹಿರಿಯಳಲ್ಲವೇ? ಹಾಗಾಗಿ ರಾಜನೂ ತನ್ನ ಹಲ್ಲು ಬಿಚ್ಚಿ ಹೊರಗಿಟ್ಟೇ ಹೋದ. ಒಳಗೆ ಎಲ್ಲರೂ ಎಲ್ಲದಕ್ಕೂ ತಲೆಯಾಡಿಸಿದರು. ಸಭೆ ಯಾವಾಗಲೂ ಹಾಗೇ.

ಹೊರಗೆ ಬಂದು ನೋಡಿದರೆ ಮುನ್ನೂರು ಸೆಟ್ಟು ಹಲ್ಲು. ಅಜ್ಜನದ್ದೊಂದು ಬಿಟ್ಟು ಎಲ್ಲವೂ ಬಿಳಿ. ಎಲ್ಲವೂ ಒಂದೇ ಬಿಳಿ! ಯಾವುದು ಯಾರದ್ದು? ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡರು. ಹಾಕಿಕೊಂಡದ್ದೇ ತಡ, ಪೂಜಾರಪ್ಪನ ಬಾಯಲ್ಲಿ ಪೈಲ್ವಾನನ ಹಲ್ಲು, "ಬಾರ್ಲಾ ಅಖಾಡಕ್ಕೆ!" ಪೈಲ್ವಾನನ ಬಾಯಲ್ಲಿ ಮಾರಕ್ಕಜ್ಜಿಯ ಹಲ್ಲು, "ಅಯ್ಯೋ ನನ್ನ ಸೊಂಟವೇ!"

ರಾಜ ಗಂಭೀರವಾಗಿ ಮೀಸೆ ತಿರುವಿ, ಬಾಯಿ ತೆರೆದು, "ಬಿಸಿಬಿಸಿ ಕಡ್ಲೆಪುರೀ!" ಅಂದ.

ಪುರಿ ಮಾರುವ ನಾಗವ್ವ ಸೊಂಟದ ಮೇಲೆ ಕೈಯಿಟ್ಟು ಗುಡುಗಿದಳು. "ಎಲವೋ ಭರಮಾ! ಆ ಮುದುಕನ ಹಳದಿ ಹಲ್ಲು ಎಸೆ ಸೂರಿನ ಮೇಲೆ!"

ಬಾಗಿಲು ಕಾಯುತ್ತಾ ಹೊರಗೇ ನಿಂತು ಹಲ್ಲು ಬಿಚ್ಚದೇ ಇದ್ದ ಭರಮಣ್ಣ ಪೇಚಿಗೆ ಬಿದ್ದ. ಆದರೆ ಕಾನೂನು ಕಾನೂನೇ. ರಾಜನ ಹಲ್ಲು ಹೇಳಿದ್ದೇ ರಾಜನ ಮಾತು. ನಾಗವ್ವನಿಗೆ ಬಗ್ಗಿ ನಮಸ್ಕಾರ ಹಾಕಿದ. ಅಜ್ಜ ಬಗ್ಗಿ ತೆಗೆದುಕೊಳ್ಳುವ ಮೊದಲೇ ಎಡಗೈಯಲ್ಲಿ ಅವನ ಹಲ್ಲು ಎತ್ತಿಕೊಂಡ. ಬಲಗೈಯಲ್ಲಿ ಸಗಣಿ ಉಂಡೆ.

"ತಡೀರಿ," ಅಂದ ಭರಮಣ್ಣ ತಾನೇ. "ಎಸೆಯೋಕೆ ಮುಂಚೆ ಹಲ್ಲಿನ ಯಜಮಾನನೇ 'ಸೂರೇ ಸೂರೇ, ಹಳೇದು ತಗೋ, ಹೊಸದು ಕೊಡು' ಅನ್ನಬೇಕು. ಇಲ್ದಿದ್ರೆ ಸೂರು ಮುಟ್ಟಾಕಿಲ್ಲ. ಹೇಳಜ್ಜ."

"ಬ್ಬ... ಬ್ಬ..." ಅಂದ ಅಜ್ಜ.

"ಅಯ್ಯೋ, ಹಲ್ಲಿಲ್ದೆ ಹೆಂಗೆ ಹೇಳ್ತೀಯ? ತಗೋ, ಹಾಕ್ಕೋ. ಹೇಳಿ, ಬಿಚ್ಚಿ ಕೊಡು."

ಅಜ್ಜ ಹಾಕಿಕೊಂಡ. ಟಕ್! ಮೂವತ್ತೆರಡೂ ಅವರವರ ಮನೆಗೆ ಹೋಗಿ ಕೂತವು. ಒಳಗೆ ಹೋಗಿ ಬಂದ ಮುನ್ನೂರು ಜನರ ನಡುವೆ ತನ್ನ ಬಾಯಲ್ಲಿ ತನ್ನ ಮಾತು ಇದ್ದವನು ಅವನೊಬ್ಬನೇ. ಅಜ್ಜ ನಕ್ಕ. ಮೆಟ್ಟಿಲೆಲ್ಲ ಹಳದಿ ಬೆಳಕಾಯಿತು.

"ಹೇಳು," ಅಂದ ಭರಮಣ್ಣ.

"ಹೇಳಲ್ಲ."

"ಹೇಳ್ದೆ ಎಸೆಯಂಗಿಲ್ಲ ಕಣಜ್ಜ."

"ಅದಕ್ಕೇ ಹೇಳಲ್ಲ."

ಭರಮಣ್ಣ ಸಗಣಿ ಉಂಡೆ ಹಿಡಿದುಕೊಂಡು ಯೋಚಿಸುತ್ತಾ ನಿಂತ. ಈಗಲೂ ನಿಂತಿದ್ದಾನೆ ಅಂತ ಕೆಲವರು ಹೇಳ್ತಾರೆ.

ಅಷ್ಟರಲ್ಲಿ ರಾಜ ಅಳುತ್ತಾ ಬಂದು ಅಜ್ಜನ ಕೈ ಹಿಡಿದ. "ಅಜ್ಜೋ, ಈರುಳ್ಳಿ ಹಾಕ್ಲಾ? ಹಸಿಮೆಣಸಿನಕಾಯಿ ಹಾಕ್ಲಾ?" ಅಂದರೆ, 'ನನ್ನ ಹಲ್ಲು ನನಗೆ ಕೊಡಿಸು' ಅಂತ. ಕಣ್ಣೀರು ನೋಡಿ ಅಜ್ಜನಿಗೆ ಅರ್ಥವಾಯಿತು.

"ಕೊಡಿಸ್ತೀನಿ ಮಾಸ್ವಾಮಿ. ಎಪ್ಪತ್ತು ವರ್ಷ ನನ್ನ ಹಲ್ಲು ಈ ಮೆಟ್ಟಿಲ ಮ್ಯಾಲೆ ನಿಮ್ಮೆಲ್ಲರ ಹಲ್ಲಿನ ಪಕ್ಕ ಬಿದ್ದೈತೆ. ಒಂದೊಂದರ ಗುಣಾನೂ ಗೊತ್ತು. ಮೊದ್ಲು ಹುಕುಂ ರದ್ದಾಗ್ಲಿ."

ರದ್ದು ಮಾಡುವ ಹಲ್ಲು ಇದ್ದದ್ದು ನಾಗವ್ವನ ಬಾಯಲ್ಲಿ. "ಸಾಧ್ಯವೇ ಇಲ್ಲ!" ಅಂತ ಗುಡುಗಿತು.

"ಸರಿ ಬಿಡು. ಇವತ್ತಿಂದ ಮಾಸ್ವಾಮಿಗಳು ಸಂತೇಲಿ ಪುರಿ ಮಾರ್ಲಿ. ನಾಗವ್ವ ಯುದ್ಧಕ್ಕೆ ಹೋಗ್ಲಿ."

"ನಾನಾ? ಯುದ್ಧಕ್ಕಾ?" ರಾಜನ ಹಲ್ಲು ನಾಗವ್ವನ ಬಾಯಲ್ಲೇ ಕಟಕಟ ಅಂದವು. ಇಪ್ಪತ್ತು ವರ್ಷದಿಂದ ಅವು ಯುದ್ಧಕ್ಕೆ ಬೇರೆಯವರನ್ನೇ ಕಳಿಸಿದ್ದವು. "ರದ್ದು! ರದ್ದು! ಹುಕುಂ ರದ್ದು!"

ಅಜ್ಜ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಅಜ್ಜನ ಹಲ್ಲುಗಳು ಹೆಸರು ಹಿಡಿದು ಕರೆದವು. "ಏಯ್, ಕೋಡುಬಳೆ ಕದ್ದೋವೇ, ಹೋಗಿ ಪೂಜಾರಪ್ಪನ ಬಾಯಿಗೆ! ನಿದ್ದೇಲಿ ಬೈಯೋವೇ, ಮಾರಕ್ಕಜ್ಜಿ ಬಾಯಿಗೆ! ಹೆದರುಪುಕ್ಕಲುಗಳೇ, ಅರಮನೆಗೆ!" ಹೊತ್ತು ಮುಳುಗುವುದರೊಳಗೆ ಮುನ್ನೂರು ಬಾಯಿಗೂ ಅವರವರ ಮಾತು ಸೇರಿತು. ಮಾರಕ್ಕಜ್ಜಿ ತನ್ನ ಹಲ್ಲು ಹಾಕಿಕೊಂಡು ಮೊದಲು ಆಡಿದ ಮಾತು, "ನನ್ನ ಗಂಡ ಕಣ್ರೇ ಅವ್ರು!"

ಬೆಳಗಾಗೆದ್ದು ನೋಡಿದರೆ ಅಜ್ಜನ ಬಾಗಿಲಲ್ಲಿ ಸಾಲೋ ಸಾಲು. ಮೊದಲನೆಯವನು ರಾಜ. ಎರಡನೆಯವನು ಪೀರಣ್ಣ, ತಿದಿ ಸಮೇತ.

"ಅಜ್ಜಾ, ನನಗೂ ನಿನ್ನಂಥ ಹಳದಿ ಹಾಕಿಕೊಡು," ಅಂದ ರಾಜ.

ಅಜ್ಜ ರಾಜನ ಗಲ್ಲ ಹಿಡಿದು, ಬಾಯಿ ಅಗಲಿಸಿ, ಬಗ್ಗಿ ನೋಡಿ, ಸಂತೆಯಲ್ಲಿ ಎತ್ತು ನೋಡಿದವನ ಹಾಗೆ ತಲೆಯಾಡಿಸಿದ.

"ಎಪ್ಪತ್ತು ವರ್ಷ ಹಿಡೀತದೆ ಮಾಸ್ವಾಮಿ. ಸಾಲಿನಲ್ಲೇ ನಿಂತ್ಕಳಿ."

ರಾಜ ನಿಂತ. ಅಜ್ಜ ಜಗಲಿ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತ.

ನೀತಿ ಏನಪ್ಪಾ ಅಂದರೆ, ಹಲ್ಲು ಬಿಳಿ ಮಾಡಿಸಬೇಕೋ ಬೇಡವೋ ಅಂತ ಗೊಂದಲವಾದರೆ ಮೊದಲು ಪಕ್ಕದವನದ್ದು ಯಾವ ಬಣ್ಣ ಅಂತ ನೋಡಿಕೊಳ್ಳಿ. ಕತೆ ಕೇಳಿದವರ ಹಲ್ಲು ಗಟ್ಟಿ, ಹೇಳಿದವನ ಹಲ್ಲು ಇನ್ನೂ ಗಟ್ಟಿ, ನಂಬಿದವನಿಗೆ ಮಾತ್ರ ಬರೀ ಒಸಡು.