ಹಕ್ಕಿಗಳ ತಟ್ಟೆ ತೊಳೆದ ವರ್ತಕ

"ಗುರುಗಳೇ, ಹೆಮ್ಮೆ ಪಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

"ಯಾಕೆ ಕೇಳಿದೆ?" ಎಂದರು ಗುರು.

"ನಾನು ನೇಯ್ದ ಚಾಪೆಯನ್ನು ನಿನ್ನೆ ಊರಿನವರು ಹೊಗಳಿದರು. ಹೆಮ್ಮೆಯಾಯಿತು. ಹೆಮ್ಮೆಯಾಯಿತಲ್ಲ ಎಂದು ಆಮೇಲೆ ನಾಚಿಕೆಯೂ ಆಯಿತು. ಹೆಮ್ಮೆಯನ್ನು ಬಿಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಬಿಡುವುದು ಹೇಗೆ ಎಂದು ಯಾರೂ ಹೇಳುವುದಿಲ್ಲ."

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಕಂಚು, ಹಿತ್ತಾಳೆ ಪಾತ್ರೆಗಳನ್ನು ಮಾರುತ್ತಿದ್ದ. ಅವನ ಮನೆಯ ಹಿಂದೆ ದೊಡ್ಡ ತೋಟವಿತ್ತು. ತೋಟದ ನಡುವೆ ಒಂದು ಕಲ್ಲಿನ ಕಟ್ಟೆ ಕಟ್ಟಿಸಿ, ದಿನವೂ ಬೆಳಿಗ್ಗೆ ಅದರ ಮೇಲೆ ಹಕ್ಕಿಗಳಿಗೆ ನವಣೆ, ಸಜ್ಜೆ ಚೆಲ್ಲುತ್ತಿದ್ದ. ಕುಡಿಯಲು ಪಕ್ಕದಲ್ಲಿಯೇ ಒಂದು ಕಲ್ಲಿನ ತೊಟ್ಟಿ ಇಡಿಸಿದ್ದ.

ಮೊದಲ ವರ್ಷ ನಾಲ್ಕಾರು ಗುಬ್ಬಿಗಳು ಬಂದವು. ಎರಡನೆಯ ವರ್ಷ ಬೆಳವಕ್ಕಿಗಳು ಬಂದವು. ಮೂರನೆಯ ವರ್ಷ ಎಷ್ಟು ಬಂದವೆಂದರೆ, ವರ್ತಕ ಚಪ್ಪಾಳೆ ತಟ್ಟಿ ಕರೆದರೆ ಕಟ್ಟೆಯ ಕಲ್ಲೇ ಕಾಣುತ್ತಿರಲಿಲ್ಲ. ನೋಡಲು ಜನ ಬರತೊಡಗಿದರು. ದಾರಿಹೋಕರೂ ನಿಂತು ನೋಡಿ ಹೋಗುತ್ತಿದ್ದರು. "ಈ ಸೀಮೆಯಲ್ಲಿ ನನ್ನಿಂದಾಗಿ ಹಸಿದ ಹಕ್ಕಿಯೇ ಇಲ್ಲ" ಎಂದು ವರ್ತಕ ಹೇಳಿಕೊಳ್ಳುತ್ತಿದ್ದ. ಜನ ಹೌದೆನ್ನುತ್ತಿದ್ದರು.

ಅವನ ಪ್ರೀತಿ ಸುಳ್ಳಾಗಿರಲಿಲ್ಲ. ಉಣ್ಣುತ್ತಿರುವಾಗ ಗಿಡುಗನ ಕೂಗು ಕೇಳಿದರೆ ಎಂಜಲು ಕೈಯಲ್ಲೇ ಎದ್ದು ಓಡುತ್ತಿದ್ದ. ಒಂದು ಕಾಲಿನ ಬೆರಳು ಕಳೆದುಕೊಂಡ ಒಂದು ಹೆಣ್ಣು ಬೆಳವ ಅವನ ಕೈಯಿಂದಲೇ ಕಾಳು ತಿನ್ನುತ್ತಿತ್ತು. ಅದನ್ನು ಕುಂಟಿ ಎಂದು ಕರೆಯುತ್ತಿದ್ದ.

ನಾಲ್ಕನೆಯ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಕ್ಕಿಗಳು ಸಾಯತೊಡಗಿದವು.

ಮೊದಲ ದಿನ ಕಟ್ಟೆಯ ಕೆಳಗೆ ಒಂದು ಬೆಳವ ಬಿದ್ದಿತ್ತು. ವರ್ತಕ ಗಿಡುಗನನ್ನು ಬೈದ. ಮರುದಿನ ಒಂದು ಬೆಳವ, ಎರಡು ಗುಬ್ಬಿ. ಮೈಮೇಲೆ ಗಾಯವಿರಲಿಲ್ಲ. ವಾರ ಕಳೆಯುವುದರೊಳಗೆ ದಿನವೂ ಒಂದು ಬುಟ್ಟಿ ಸತ್ತ ಹಕ್ಕಿಗಳನ್ನು ಆಯಬೇಕಾಯಿತು. ಬದುಕಿದ್ದವುಗಳಲ್ಲಿಯೂ ಕೆಲವು ಗರಿ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ ಒಂದೇ ಕಡೆ ಕೂತಿರುತ್ತಿದ್ದವು. ಹತ್ತಿರ ಹೋದರೂ ಹಾರುತ್ತಿರಲಿಲ್ಲ.

ಬಡವಾಗಿವೆ ಎಂದುಕೊಂಡು ವರ್ತಕ ಕಾಳು ಹೆಚ್ಚಿಸಿದ. ಬರುವ ಹಕ್ಕಿಗಳು ಹೆಚ್ಚಿದವು. ಸಾಯುವ ಹಕ್ಕಿಗಳೂ ಹೆಚ್ಚಿದವು.

ಆಗ ಅವನಿಗೆ ಪಕ್ಕದ ಹೊಲದ ರೈತನ ಮೇಲೆ ಅನುಮಾನ ಬಂತು. ಜೋಳದ ತೆನೆ ಕಾಯಲು ಅವನೇ ವಿಷ ಇಟ್ಟಿದ್ದಾನೆ ಎಂದುಕೊಂಡ. ಅಂದುಕೊಂಡದ್ದನ್ನು ಪೇಟೆಯಲ್ಲಿ ಹೇಳಿಯೂಬಿಟ್ಟ. ರೈತ ಇಲ್ಲವೆಂದು ಆಣೆ ಮಾಡಿದ. ದೊಡ್ಡವರ ಮಾತಿನ ಮುಂದೆ ಅವನ ಆಣೆ ನಡೆಯಲಿಲ್ಲ. ಅಂದಿನಿಂದ ಅವನು ಪೇಟೆಗೆ ಬರುವುದನ್ನೇ ಬಿಟ್ಟ.

ವರ್ತಕನ ಅಂಗಡಿಯಲ್ಲಿ ಪಾತ್ರೆ ಬೆಳಗುವ ಹೆಂಗಸೊಬ್ಬಳಿದ್ದಳು. ವರ್ತಕನ ಹೆಸರು ಹೇಳಲು ಬೇಕಾದಷ್ಟು ಜನರಿದ್ದರು. ಇವಳ ಹೆಸರನ್ನು ನಾನು ಹೇಳುತ್ತೇನೆ. ಮಾಳವ್ವ. ಹುಣಸೆಹಣ್ಣು ಬೂದಿ ಹಾಕಿ ಅವಳು ಉಜ್ಜಿದ ಚೆಂಬಿನಲ್ಲಿ ಒಂದು ಚುಕ್ಕೆ ಕಲೆಯನ್ನೂ ಯಾರೂ ಕಂಡಿರಲಿಲ್ಲ. ಒಂದು ದಿನ ಅವಳು ವರ್ತಕನ ಎದುರು ಬಂದು ನಿಂತಳು.

"ಸಾಹುಕಾರರೇ, ವಿಷ ಯಾರೂ ಇಟ್ಟಿಲ್ಲ. ನಿಮ್ಮ ತೊಟ್ಟಿಯೊಳಗೆ ಒಮ್ಮೆ ಕೈಯಾಡಿಸಿ ನೋಡಿ, ತಳ ಜಾರುತ್ತದೆ. ಕಟ್ಟೆಯ ಮೇಲೆ ಹಳೆಯ ಕಾಳು, ಹಿಕ್ಕೆ ಎರಡೂ ಕಲೆತು ಹೆಪ್ಪುಗಟ್ಟಿವೆ. ಹೊಸ ಕಾಳನ್ನು ಅದರ ಮೇಲೆಯೇ ಚೆಲ್ಲುತ್ತೀರಿ. ನನ್ನ ತವರಿನಲ್ಲಿ ಕುರಿ ಸಾಕುತ್ತಾರೆ. ಮಂದೆಗೆ ಬೇನೆ ಬಂದರೆ ನಮ್ಮಪ್ಪ ಮೊದಲು ಮಂದೆಯನ್ನು ಒಡೆಯುತ್ತಿದ್ದ. ಐದಾರು ಕಡೆ ಚದುರಿಸುತ್ತಿದ್ದ. ಎಲ್ಲಕ್ಕೂ ಒಂದೇ ಕಡೆ ನೀರು ಕುಡಿಸುತ್ತಿರಲಿಲ್ಲ. ನೀವು ಕಾಳು ಹಾಕುವುದನ್ನು ನಿಲ್ಲಿಸಿ. ಹಕ್ಕಿಗಳು ಚದುರಲಿ."

"ಹಸಿದು ಬಂದ ಜೀವಕ್ಕೆ ಇಲ್ಲ ಎನ್ನಲೇ?"

"ಈಗ ಬದುವಿನ ಮೇಲೆಲ್ಲ ಹುಲ್ಲು ತೆನೆ ಬಿಟ್ಟಿದೆ. ಅವು ಹಸಿಯುವುದಿಲ್ಲ. ನಿಮ್ಮ ತೋಟ ಬರಿದಾಗುತ್ತದೆ, ಅಷ್ಟೆ."

ಅಷ್ಟೆ ಎಂಬ ಮಾತು ವರ್ತಕನಿಗೆ ನಾಟಿತು. ಯಾಕೆಂದರೆ ಇನ್ನು ಎಂಟು ದಿನಕ್ಕೆ ಹನ್ನೆರಡು ಊರಿನ ವರ್ತಕರು ಅವನ ಮನೆಯಲ್ಲಿ ಸೇರುವವರಿದ್ದರು. ವರ್ಷಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುವುದು ಅವರ ವಾಡಿಕೆ. ಈ ವರ್ಷ ಅವರೆಲ್ಲ ಹಕ್ಕಿಗಳನ್ನು ನೋಡಲೆಂದೇ ಎರಡು ದಿನ ಹೆಚ್ಚು ಉಳಿಯುವುದಾಗಿ ಹೇಳಿ ಕಳಿಸಿದ್ದರು.

"ಪಾತ್ರೆ ಬೆಳಗುವವಳು ಪಾತ್ರೆ ಬೆಳಗು" ಎಂದ ವರ್ತಕ.

ಮಾಳವ್ವ ತಲೆ ತಗ್ಗಿಸಲಿಲ್ಲ. ಹೋಗಿ ತನ್ನ ಕೆಲಸಕ್ಕೆ ಕೂತಳು.

ಮರುದಿನ ರೈತನನ್ನು ಕೈಯಾರೆ ಹಿಡಿಯಬೇಕೆಂದು ವರ್ತಕ ಅಂಗಡಿಗೆ ಹೋಗಲಿಲ್ಲ. ಬೆಳಗಾಗುತ್ತಲೇ ತೋಟದ ದಾಸವಾಳದ ಗಿಡಗಳ ಮರೆಯಲ್ಲಿ ಕೂತ. ನಾಲ್ಕು ವರ್ಷ ಅವನು ಕಾಳು ಚೆಲ್ಲಿದ್ದ, ಹಕ್ಕಿಗಳು ಇಳಿಯುವುದನ್ನು ನೋಡಿದ್ದ, ನೋಡಲು ಬಂದವರ ಮುಖಗಳನ್ನು ನೋಡಿದ್ದ. ಹಕ್ಕಿಗಳು ತಿನ್ನುವುದನ್ನು ಇಡೀ ದಿನ ಕೂತು ನೋಡಿದ್ದು ಅಂದೇ ಮೊದಲು.

ಬೇಲಿಯ ಬಳಿ ಯಾರೂ ಸುಳಿಯಲಿಲ್ಲ. ಕಟ್ಟೆಯ ಮೇಲೆ ಕುಂಟಿ ಗರಿ ಉಬ್ಬಿಸಿಕೊಂಡು ಕೂತಿತ್ತು. ಒಂದು ಕಾಳನ್ನು ಕೊಕ್ಕಿನಲ್ಲಿ ಎತ್ತಿಕೊಂಡಿತು. ನುಂಗಲು ಕುತ್ತಿಗೆ ಚಾಚಿತು. ಆಗಲಿಲ್ಲ. ಕಾಳು ಒದ್ದೆಯಾಗಿ ಕೆಳಗೆ ಬಿತ್ತು. ಪಕ್ಕದಲ್ಲಿದ್ದ ಎಳೆಯ ಬೆಳವ ಆ ಕಾಳನ್ನು ಹೆಕ್ಕಿ ತಿಂದಿತು. ಕುಂಟಿ ಇನ್ನೊಂದು ಕಾಳು ಎತ್ತಿತು. ಅದೂ ಬಿತ್ತು. ಅದನ್ನು ಒಂದು ಗುಬ್ಬಿ ತಿಂದಿತು. ಆಮೇಲೆ ಕುಂಟಿ ತೊಟ್ಟಿಯ ಅಂಚಿಗೆ ಹೋಗಿ ನೀರಿನಲ್ಲಿ ಕೊಕ್ಕು ಅದ್ದಿತು. ಗಂಟಲಿನಲ್ಲಿ ನೀರು ಇಳಿಯದೆ ಮರಳಿ ತೊಟ್ಟಿಗೇ ಬಿತ್ತು. ಆ ನೀರನ್ನು ಇಪ್ಪತ್ತು ಹಕ್ಕಿಗಳು ಕುಡಿದವು.

ಮಧ್ಯಾಹ್ನದ ಹೊತ್ತಿಗೆ ಕುಂಟಿ ಸತ್ತಿತು.

ವರ್ತಕ ಮರೆಯಿಂದ ಎದ್ದು ಬಂದ. ತೊಟ್ಟಿಯೊಳಗೆ ಕೈಯಾಡಿಸಿದ. ತಳ ಜಾರಿತು. ಲೋಕಕ್ಕೆಲ್ಲ ಹೊಳೆಯುವ ಪಾತ್ರೆ ಮಾರಿದವನು ನಾಲ್ಕು ವರ್ಷದಲ್ಲಿ ಆ ತೊಟ್ಟಿಯನ್ನು ಒಂದು ಸಲವೂ ತೊಳೆಸಿರಲಿಲ್ಲ. ಕುಂಟಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅತ್ತ.

ಅಂದೇ ಮಾಳವ್ವನ ಬಾಗಿಲಿಗೆ ಹೋದ. "ಹೇಗೆ ಮಾಡಬೇಕು ಹೇಳು" ಎಂದ. ಅವಳು ಹೇಳಿದಳು. ಅವನು ಮಾಡಿದ.

ತೊಟ್ಟಿಯನ್ನು ಬರಿದು ಮಾಡಿ ಮಗುಚಿ ಹಾಕಿದ. ಕಟ್ಟೆಯನ್ನು ಕೆರೆದು, ಕುದಿಯುವ ನೀರು ಹೊಯ್ದು ಉಜ್ಜಿದ. ಸತ್ತ ಹಕ್ಕಿಗಳನ್ನು ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂತ. ಪ್ರತಿ ಸಲವೂ ಮೊಣಕೈವರೆಗೆ ಕೈ ತೊಳೆದುಕೊಂಡ. ಒಂದು ಕಾಳನ್ನೂ ಚೆಲ್ಲಲಿಲ್ಲ.

ಇದೆಲ್ಲಕ್ಕಿಂತ ಕಷ್ಟವಾದದ್ದು ಬೆಳಗಿನ ಹೊತ್ತು. ಹಕ್ಕಿಗಳು ವಾಡಿಕೆಯಂತೆ ಬಂದು ಬರಿಯ ಕಟ್ಟೆಯ ಮೇಲೆ ಕೂತು ಅವನ ಕಡೆ ನೋಡುತ್ತಿದ್ದವು. ಅವನ ಕೈ ತಾನಾಗಿ ಕಣಜದ ಕಡೆ ಹೋಗುತ್ತಿತ್ತು. ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ದಿನ ಕಳೆದಂತೆ ಬರುವ ಹಕ್ಕಿಗಳು ಕಡಿಮೆಯಾದವು. ಏಳನೆಯ ದಿನ ಒಂದೂ ಬರಲಿಲ್ಲ.

ಎಂಟನೆಯ ದಿನ ಹನ್ನೆರಡು ಊರಿನ ವರ್ತಕರು ಬಂದರು.

ಊರಿನ ಜನವೂ ಸೇರಿತ್ತು. ಪಕ್ಕದ ಹೊಲದ ರೈತನನ್ನು ವರ್ತಕನೇ ಹೇಳಿ ಕರೆಸಿದ್ದ. ಎಲ್ಲರೂ ತೋಟಕ್ಕೆ ನಡೆದರು. ತೋಟ ಬಿಕೋ ಎನ್ನುತ್ತಿತ್ತು. ಎಲೆ ಅಲುಗಿದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬಂದವರಲ್ಲಿ ಹಿರಿಯನಾದವನು ಸುತ್ತಲೂ ನೋಡಿದ.

"ಹಕ್ಕಿಗಳೆಲ್ಲಿ?" ಎಂದ.

"ಕಳಿಸಿಬಿಟ್ಟೆ" ಎಂದ ವರ್ತಕ.

ಹಿಂದೆ ನಿಂತವರು ನಕ್ಕರು. ಕಣಜ ಬರಿದಾಗಿರಬೇಕು ಎಂದ ಒಬ್ಬ. ಇದ್ದವೋ ಇಲ್ಲವೋ ಎಂದ ಇನ್ನೊಬ್ಬ.

ವರ್ತಕ ನಗು ನಿಲ್ಲುವವರೆಗೆ ಕಾದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ: "ನನ್ನ ಕಟ್ಟೆಯಲ್ಲಿ ತಿಂದ ಹಕ್ಕಿಗಳು ಸಾಯುತ್ತಿದ್ದವು. ತೊಳೆಯದ ಕಟ್ಟೆ ನನ್ನದು, ಕೊಳೆತ ನೀರು ನನ್ನದು. ಈ ರೈತನ ಮೇಲೆ ನಾನು ಹೊರಿಸಿದ್ದು ಸುಳ್ಳು. ಪೇಟೆಯಲ್ಲಿ ಅಂದದ್ದಕ್ಕೆ ನಿಮ್ಮೆಲ್ಲರ ಎದುರು ಅವನ ಕ್ಷಮೆ ಕೇಳುತ್ತೇನೆ. ನನಗೆ ನಿಜ ಹೇಳಿದವಳು ಮಾಳವ್ವ. ಹೇಳಿದಾಗ ನಾನು ಕೇಳಲಿಲ್ಲ."

ಹೀಗೆಂದು ರೈತನಿಗೆ ಕೈಮುಗಿದ. ಆಮೇಲೆ ತಲೆ ಎತ್ತಿ ನಿಂತ. ಯಾರೂ ನಗಲಿಲ್ಲ. ರೈತ ಮುಂದೆ ಬಂದು ಅವನ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದ.

ಅಂದು ಸಂಜೆ ಮಾಳವ್ವ ನೀರಿಗೆ ಹೋದಾಗ ದಿನವೂ ಹೋಗುತ್ತಿದ್ದ ಹಿತ್ತಿಲ ದಾರಿ ಬಿಟ್ಟು ಪೇಟೆಯ ನಡುವಿನಿಂದ ಹೋದಳು. ಕೊಡ ಹೊತ್ತು ಬರುವಾಗಲೂ ಅದೇ ದಾರಿಯಲ್ಲಿ ಬಂದಳು.

ನಲವತ್ತು ದಿನ ತೋಟ ಬರಿದಾಗಿತ್ತು. ಬದುವಿನಲ್ಲಿ, ಹೊಲದಲ್ಲಿ ಎಲ್ಲಿಯೂ ಸತ್ತ ಹಕ್ಕಿ ಕಾಣುತ್ತಿಲ್ಲ ಎಂದು ರೈತನೇ ಬಂದು ಹೇಳಿದ. ಆಗ ವರ್ತಕ ತನ್ನ ಅಂಗಡಿಯಿಂದ ಹದಿನಾಲ್ಕು ಹಿತ್ತಾಳೆ ತಟ್ಟೆಗಳನ್ನು ತಂದ. ಏಳು ತಟ್ಟೆಗಳನ್ನು ಒಂದಕ್ಕೊಂದು ದೂರವಾಗಿ ಏಳು ಮರಗಳ ನೆರಳಿನಲ್ಲಿ ತೂಗುಹಾಕಿದ. ಒಂದೊಂದರಲ್ಲಿ ಹಿಡಿ ಕಾಳು, ಮಧ್ಯಾಹ್ನದೊಳಗೆ ಮುಗಿಯುವಷ್ಟು ಮಾತ್ರ. ಉಳಿದರೆ ತೆಗೆದು ಮಣ್ಣಿನಲ್ಲಿ ಮುಚ್ಚುತ್ತಿದ್ದ. ಒಂದೊಂದು ಮರದ ಬುಡದಲ್ಲಿ ಬೋಗುಣಿಯಲ್ಲಿ ನೀರಿಟ್ಟು, ಅದನ್ನು ದಿನವೂ ಬದಲಿಸುತ್ತಿದ್ದ. ಏಳು ತಟ್ಟೆಗಳು ಮರದಲ್ಲಿದ್ದರೆ ಉಳಿದ ಏಳು ತೊಳೆಸಿಕೊಂಡು ಬಿಸಿಲಿನಲ್ಲಿ ಒಣಗುತ್ತಿದ್ದವು. ಹದಿನೈದು ದಿನಕ್ಕೊಮ್ಮೆ ಮರಗಳನ್ನು ಬದಲಿಸುತ್ತಿದ್ದ.

ತೊಳೆಯುವ ಕೆಲಸವನ್ನು ಆಳಿಗೆ ಕೊಡಲಿಲ್ಲ, ಮಾಳವ್ವನಿಗೂ ಕೊಡಲಿಲ್ಲ. ತಾನೇ ಕೂತು ತೊಳೆದ. ಮೊದಲ ದಿನ ಮಾಳವ್ವ ತಟ್ಟೆಯ ಅಂಚಿನಲ್ಲಿ ಉಗುರಾಡಿಸಿ ನೋಡಿ, "ಇನ್ನೊಮ್ಮೆ" ಎಂದು ಹಿಂದಕ್ಕೆ ಕೊಟ್ಟಳು. ಎರಡನೆಯ ದಿನವೂ ಹಾಗೆಯೇ ಕೊಟ್ಟಳು. ಹತ್ತನೆಯ ದಿನ ಏನೂ ಹೇಳದೆ ತಟ್ಟೆಯನ್ನು ಬಿಸಿಲಿಗೆ ಇಟ್ಟಳು. ಅಂದು ವರ್ತಕ ಎಂದಿಗಿಂತ ಎರಡು ತುತ್ತು ಹೆಚ್ಚು ಉಂಡನಂತೆ.

ಹಕ್ಕಿಗಳು ಮೊದಲಿನಷ್ಟು ಬರಲಿಲ್ಲ. ಇಲ್ಲಿ ನಾಲ್ಕು, ಅಲ್ಲಿ ಆರು ಬಂದು ತಿಂದು ಹೋಗುತ್ತಿದ್ದವು. ನೋಡುವ ಜನ ಬರುವುದನ್ನು ಬಿಟ್ಟರು. ಮುಂದಿನ ವರ್ಷ ಮಳೆಗಾಲ ಮುಗಿಯಿತು. ಒಂದು ಹಕ್ಕಿಯೂ ಸಾಯಲಿಲ್ಲ. ಅದು ಯಾರ ಕಣ್ಣಿಗೂ ಬೀಳುವ ಸುದ್ದಿಯಾಗಿರಲಿಲ್ಲ.

ಹಲವು ವರ್ಷಗಳ ಮೇಲೆ ಒಮ್ಮೆ ಪರ ಊರಿನ ಗಿರಾಕಿಯೊಬ್ಬ ಮನೆಗೆ ಬಂದ. ಬಾವಿಯ ಬಳಿ ಮುದುಕನೊಬ್ಬ ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಿನಲ್ಲಿ ಕೂತು ತಟ್ಟೆ ಉಜ್ಜುತ್ತಿದ್ದ. "ಏನಯ್ಯಾ, ಸಾಹುಕಾರರು ಮನೆಯಲ್ಲಿದ್ದಾರೆಯೇ?" ಎಂದು ಗಿರಾಕಿ ಕೇಳಿದ.

ವರ್ತಕ ನಾನೇ ಎನ್ನಲಿಲ್ಲ. ಉಜ್ಜಿದ ತಟ್ಟೆಯ ನೀರು ಝಾಡಿಸಿ, ಅದನ್ನು ಎತ್ತಿ ಗಿರಾಕಿಯ ಎದುರು ಹಿಡಿದ. ಗಿರಾಕಿಯ ಮುಖ, ಅವನ ಹಿಂದಿನ ಮರ, ಮರದ ಹಿಂದಿನ ಆಕಾಶ ಎಲ್ಲ ಅದರಲ್ಲಿ ಕಂಡವು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಗುರುಗಳೇ, ಅವನ ಹೆಮ್ಮೆ ಕೊನೆಗೂ ಹೋಗಲಿಲ್ಲವೇ?"

"ಹೋಗಲಿಲ್ಲ; ನಾಲಿಗೆಯಿಂದ ಕೈಗೆ ಇಳಿಯಿತು" ಎಂದರು ಗುರು.